ಶುಗರಿನಿಂದ ವೇಗಸ್ ನರಕ್ಕೆ ಪೆಟ್ಟಾಗಿದೆ ಅಂದ್ರು, ಆಯಿ ಊಟಾನೇ ಮಾಡ್ತಿಲ್ಲ

ಕುಮಟಾದ ಮಗಳು:
ಎಲ್ಲರಿಗೂ ನಮಸ್ಕಾರ. ನಮ್ಮ ಆಯಿಗೆ ಶುಗರ್ ಬಂದು ಬಹಳ ವರ್ಷ ಆಯ್ತು, ಇನ್ಸುಲಿನ್ ತಗೊಳ್ತಾಳೆ. ಈ ಮಳೆಗಾಲದಿಂದ ನಾಲ್ಕು ತುತ್ತು ಉಂಡ್ರೆ ಹೊಟ್ಟೆ ತುಂಬ್ತು ಅಂತಾಳೆ, ಬೆಳಿಗ್ಗೆ ವಾಂತಿ ಆದ್ರೆ ರಾತ್ರಿ ಉಂಡ ಅನ್ನ ಹಾಗೇ ಬರ್ತದೆ. ಊಟ ಆದ ಸ್ವಲ್ಪ ಹೊತ್ತಿಗೇ ಶುಗರ್ ಇಳಿದು ಬೆವರ್ತಾಳೆ, ರಾತ್ರಿ ನೋಡಿದ್ರೆ ಮುನ್ನೂರರ ಮೇಲೆ. ಎಂಡೋಸ್ಕೋಪಿ ಮಾಡಿ ಹುಣ್ಣು, ಅಡ್ಡಿ ಏನೂ ಇಲ್ಲ, ವೇಗಸ್ ನರಕ್ಕೆ ಪೆಟ್ಟು ಬಿದ್ದಿರ್ಬೇಕು ಅಂದ್ರು, ಹೊರಗೆ ಅಷ್ಟು ಜನ ಕಾಯ್ತಿದ್ರು, ಮುಂದೆ ಕೇಳೋಕೆ ಆಗ್ಲಿಲ್ಲ. ಮೊಬೈಲಲ್ಲಿ ನೋಡಿದ್ರೆ ಮುಖಕ್ಕೆ ಐಸ್ ನೀರು ಹಾಕಿದ್ರೆ ನರ ರೀಸೆಟ್ ಆಗ್ತದೆ ಅಂತ ವಿಡಿಯೋ ಮೇಲೆ ವಿಡಿಯೋ. ನನ್ನ ಮಗ ರಕ್ತ ಕೊಡುವಾಗ ತಲೆ ತಿರುಗಿ ಬಿದ್ದಿದ್ದ, ಅದೂ ವೇಗಸ್ಸೇ ಅಂದಿದ್ರು. ಇದು ಮನೆತನದಲ್ಲೇ ಬರೋದಾ?

ಘಟ್ಟದ ಮೇಲಿನವ, ಶಿರಸಿ:
ಅಕ್ಕಾ, ನರ ಒಂದೇ ಆದ್ರೂ ಕಾಯಿಲೆ ಬೇರೆ ಬೇರೆ. ನಾನು ನರ್ಸಿಂಗ್ ಮಾಡಿದವ, ಗೊತ್ತಿರೋದು ಹೇಳ್ತೆ. ತಲೆಯಿಂದ ಹೊರಡೋ ಹನ್ನೆರಡು ಜೊತೆ ನರದಲ್ಲಿ ಇದು ಹತ್ತನೇದು, ಮಿದುಳಿನ ಬುಡದಿಂದ ಕುತ್ತಿಗೆ, ಎದೆ ದಾಟಿ ಹೊಟ್ಟೆಗೆ ಇಳಿದು ದೊಡ್ಡ ಕರುಳಿನ ಸುಮಾರು ಅರ್ಧದವರೆಗೆ ಹೋಗ್ತದೆ. ಧ್ವನಿ, ನುಂಗೋದು, ಹೃದಯದ ಬಡಿತ, ಜಠರದ ಕೆಲಸ ಎಲ್ಲದಕ್ಕೂ ಇದರ ಕವಲು ಉಂಟು. ಇದರೊಳಗಿನ ಎಳೆಗಳಲ್ಲಿ ಸುಮಾರು 80% ಹೊಟ್ಟೆ ಎದೆ ಕಡೆಯಿಂದ ಮಿದುಳಿಗೆ ಸುದ್ದಿ ಒಯ್ಯೋವು, ಕೆಳಗೆ ಆರ್ಡರ್ ತರೋವು ಕಮ್ಮಿ.

ನಿಮ್ಮ ಮಗನಿಗೆ ಆಗಿದ್ದು ನರ ಹಾಳಾಗಿ ಅಲ್ಲ. ರಕ್ತ ಕಂಡಾಗ, ಬಿಸಿಲಲ್ಲಿ ಬಹಳ ಹೊತ್ತು ನಿಂತಾಗ ಆ ಕ್ಷಣಕ್ಕೆ ನರ ಜಾಸ್ತಿ ಕೆಲಸ ಮಾಡಿ ಬಡಿತ ನಿಧಾನ ಆಗಿ ಬಿಪಿ ಇಳೀತದೆ. ಕಣ್ಣು ಮಂಜಾಗ್ತಿದ್ದಂಗೆ ಮಲಗಿ ಕಾಲು ಎತ್ತಿಟ್ರೆ ಸರಿ ಹೋಗ್ತದೆ. ಓಡುವಾಗ ಬಿದ್ರೆ, ಎದೆನೋವು ಇದ್ರೆ ಮಾತ್ರ ಇಸಿಜಿ ಮಾಡಿಸಲೇಬೇಕು.

ಆಯಿಯದ್ದು ತಿರುವುಮುರುವು. ವರ್ಷಗಟ್ಟಲೆ ಶುಗರ್ ಇದ್ದು ನರ ಸೋತಿದೆ, ಜಠರ ಅನ್ನವನ್ನ ಅರೆದು ಕೆಳಗೆ ನೂಕ್ತಿಲ್ಲ. ಇದಕ್ಕೆ ಗ್ಯಾಸ್ಟ್ರೋಪರೇಸಿಸ್ ಅಂತಾರೆ. ಶುಗರ್ ಏರಿಳಿತವೂ ಅದಕ್ಕೇ ಅಕ್ಕಾ, ಇನ್ಸುಲಿನ್ ಹೇಳಿದ ಟೈಮಿಗೆ ಕೆಲಸ ಶುರು ಮಾಡ್ತದೆ, ಅನ್ನ ಇನ್ನೂ ಜಠರದಲ್ಲೇ ಕೂತಿರ್ತದೆ, ಅದಕ್ಕೆ ಮೊದಲು ಲೋ, ತಡವಾಗಿ ಅನ್ನ ಇಳಿದಾಗ ಹೈ. ಈ ಲೋ ಆಗೋದು ಅಪಾಯ, ಇನ್ಸುಲಿನ್ ಹೊತ್ತು ಬದಲಿಸ್ಬೇಕಾ ಅಂತ ಈ ವಾರವೇ ಡಾಕ್ಟರ್ ಹತ್ರ ಕೇಳಿ, ನೀವೇ ಹೆಚ್ಚುಕಮ್ಮಿ ಮಾಡ್ಬೇಡಿ. ಐಸ್ ನೀರಿಗೆ ಬಡಿತ ಸ್ವಲ್ಪ ಹೊತ್ತು ನಿಧಾನ ಆಗೋದು ನಿಜ, ಆದ್ರೆ ಶುಗರ್ ತಿಂದ ನರ ಅದರಿಂದ ಬೆಳೆಯೋದಿಲ್ಲ. ವಯಸ್ಸಾದವರಿಗೆ ಅದೆಲ್ಲ ಬೇಡವೇ ಬೇಡ.

ಕಾರವಾರ ಸೊಸೆ:
ನಮ್ಮ ಮಾವನವರಿಗೂ ಇದೇ. ಖಾತ್ರಿ ಮಾಡೋಕೆ ಒಂದು ಸ್ಕ್ಯಾನ್ ಇದೆ, ನ್ಯೂಕ್ಲಿಯರ್ ಮೆಡಿಸಿನ್ ಇರೋ ದೊಡ್ಡ ಆಸ್ಪತ್ರೇಲೇ ಆಗ್ಬೇಕು, ನಮ್ಮ ಕಡೆಯವರು ಮಣಿಪಾಲಕ್ಕೆ ಹೋಗ್ತಾರಲ್ಲ ಹಂಗೆ. ತಿಂಡಿಗೆ ಸ್ವಲ್ಪ ವಿಕಿರಣ ಸೂಸೋ ವಸ್ತು ಸೇರಿಸಿ ಕೊಡ್ತಾರೆ, ಮೊಟ್ಟೆ ತಿನ್ನದವರಿಗೆ ಇಡ್ಲಿ ಕೊಡೋ ಕಡೆನೂ ಇದೆ, 4 ಗಂಟೆ ಆದ್ಮೇಲೂ 10% ಕಿಂತ ಜಾಸ್ತಿ ಜಠರದಲ್ಲಿ ಉಳಿದಿದ್ರೆ ನಿಧಾನ ಅಂತ ಲೆಕ್ಕ. ಯಾವ ಮಾತ್ರೆ ಮೊದಲೇ ನಿಲ್ಲಿಸ್ಬೇಕು ಅಂತ ಫೋನ್ ಮಾಡಿ ಕೇಳ್ಕೊಂಡೇ ಹೋಗಿ.

ಊಟದ್ದು ಹೇಳ್ತೇನೆ, ಇದೇ ನಮ್ಗೆ ಜಾಸ್ತಿ ಉಪಯೋಗ ಆಗಿದ್ದು. ಮೂರು ಸಲದ ಊಟ ಬಿಟ್ಟು ಸಣ್ಣ ಸಣ್ಣದಾಗಿ ಐದಾರು ಸಲ. ಕೆಂಪಕ್ಕಿ, ನಾರಿನ ಸೊಪ್ಪು, ಹಸಿ ತರಕಾರಿ, ಹಲಸು ಜಠರಕ್ಕೆ ಭಾರ. ಕಾಯಿ ಅರೆದ ದಪ್ಪ ಸಾರು, ಕರಿದ ಮೀನು ಕೂಡ, ಎಣ್ಣೆ ಜಿಡ್ಡು ಜಠರವನ್ನ ಇನ್ನೂ ನಿಧಾನ ಮಾಡ್ತದೆ. ನಾವು ಬೆಳ್ತಿಗೆ ಅಕ್ಕಿ ಗಂಜಿ ನುಣ್ಣಗೆ ಬೇಯಿಸಿ, ತೆಳು ಮೀನು ಸಾರು ಮುಳ್ಳು ತೆಗೆದು ಕೊಡ್ತೇವೆ, ಆಗದ ದಿನ ಬರೀ ತೆಳ್ಳಗಿನದ್ದು, ನೀರಾಗಿರೋದು ಬೇಗ ಇಳೀತದೆ. ಗಂಜಿಗೂ ಶುಗರ್ ಏರ್ತದೆ, ಅದಕ್ಕೆ ಅಳತೆ ಡಯಟಿಷಿಯನ್ ಹತ್ರ ಬರೆಸ್ಕೊಂಡ್ವಿ. ಉಂಡ ಕೂಡ್ಲೆ ಮಲಗೋಕೆ ಬಿಡ್ಬೇಡಿ, ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆಸಿ.

ಅಂಕೋಲಾ ೮೧:
ಇದೇ ನರದ ಇನ್ನೊಂದು ಕವಲು ಗಂಟಲಿಗೆ ಬರ್ತದೆ. ಎಡಗಡೆಯದ್ದು ಎದೆವರೆಗೆ ಇಳಿದು ಹೃದಯದ ದೊಡ್ಡ ರಕ್ತನಾಳ ಸುತ್ತಿ ವಾಪಸ್ ಮೇಲೆ ಹತ್ತೋದು. ಯಕ್ಷಗಾನದ ಭಾಗವತಿಕೆ ಮಾಡ್ತಿದ್ದ ನಮ್ಮ ಚಿಕ್ಕಪ್ಪಂಗೆ ಥೈರಾಯ್ಡ್ ಆಪರೇಷನ್ ಆದ್ಮೇಲೆ ಸ್ವರವೇ ಹೋಗಿತ್ತು, ಸ್ಪೀಚ್ ಥೆರಪಿ ಮಾಡಿ ಮಾತು ಸರಿ ಆಯ್ತು, ಪದ ಹೇಳೋದು ಇನ್ನೂ ಕಷ್ಟ. ಯಾರಿಗಾದ್ರೂ ಮೂರು ವಾರ ಕಳೆದ್ರೂ ಸ್ವರ ಒಡೆದೇ ಇದ್ರೆ ಥಂಡಿ ಅಂತ ಸುಮ್ನಿರ್ಬೇಡಿ, ಇಎನ್‌ಟಿಗೆ ತೋರಿಸಿ.

ಕುಮಟಾದ ಮಗಳು:
ಎಲ್ಲರಿಗೂ ಬಹಳ ಉಪಕಾರ ಆಯ್ತು. ಲೋ ಯಾಕೆ ಆಗ್ತದೆ ಅಂತ ಇವತ್ತು ಅರ್ಥ ಆಯ್ತು, ಆಯಿ ಸುಳ್ಳು ಹೇಳ್ತಾಳೆ, ಊಟ ಬಿಡ್ತಾಳೆ ಅಂತ ಮನೇಲಿ ಎಲ್ಲರೂ ಬೈತಿದ್ರು ಪಾಪ. ವಾಂತಿ ತಡೆದು ಜಠರ ಬೇಗ ಖಾಲಿ ಆಗೋಕೆ ಡೊಂಪೆರಿಡಾನ್ ಅನ್ನೋ ಮಾತ್ರೆ ಬರೆದಿದ್ದಾರೆ, ಕೊಡ್ಬಹುದಾ?

ಘಟ್ಟದ ಮೇಲಿನವ, ಶಿರಸಿ:
ಬರೆದಿದ್ರೆ ಊಟಕ್ಕೆ ಮೊದಲು ಕೊಡಿ, ಆದ್ರೆ ಹಾರ್ಟಿನ ತೊಂದರೆ ಇದ್ರೆ, ಬೇರೆ ಮಾತ್ರೆ ನಡೀತಿದ್ರೆ ಡಾಕ್ಟರಿಗೆ ಹೇಳಿ, ಕೆಲವರಿಗೆ ಬಡಿತದ ಲಯ ತಪ್ಪಿಸ್ತದೆ. ಮೆಟೊಕ್ಲೋಪ್ರಮೈಡ್ ಅನ್ನೋ ಇಂಥದ್ದೇ ಇನ್ನೊಂದು ಮಾತ್ರೆ ಕೊಟ್ರೆ ಡಾಕ್ಟರ್ ಹೇಳಿದ್ದಕ್ಕಿಂತ ಜಾಸ್ತಿ ದಿನ ಎಳೀಬೇಡಿ, ಬಹಳ ದಿನ ತಗೊಂಡ್ರೆ ಬಾಯಿ ನಾಲಿಗೆ ತಾನಾಗೇ ಆಡೋ ತೊಂದ್ರೆ ಬರ್ಬಹುದು. ನೀರೂ ನಿಲ್ಲದೆ ವಾಂತಿ ಆದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ, ಆಗಲೇ ಕರ್ಕೊಂಡು ಹೋಗಿ.