ಗರಿ ಒಂದೂವರೆ ಸುತ್ತು ಸಾಕು: ಪಾರ್ಟ್ರಿಜ್ ಅಂಡ್ ಆರೆಂಜ್ ಫ್ಲೈ ಕಟ್ಟುವವರ ಅನುಭವ

ಕೇಳಿದ್ದು: ಲೀಡ್ಸ್‌ನಲ್ಲಿದ್ದೇನೆ. ಇಲ್ಲಿನ ವಾರ್ಫ್ ನದಿಯ ಟ್ರೌಟ್ ಮೀನಿಗೆ 14ನೇ ನಂಬರ್ ಗಾಳದ ಮೇಲೆ ಪಾರ್ಟ್ರಿಜ್ ಅಂಡ್ ಆರೆಂಜ್ ಫ್ಲೈ (ಪಾರ್ಟ್ರಿಜ್ ಹಕ್ಕಿಯ ಗರಿ, ಕಿತ್ತಳೆ ರೇಷ್ಮೆ ದಾರದಿಂದ ಮಾಡುವ, ಹುಳುವಿನಂಥ ಕೃತಕ ಎರೆ) ಕಟ್ಟುತ್ತಿದ್ದೇನೆ. ಸುತ್ತುವಾಗ ಗರಿಯ ದಂಟು ತುಂಡಾಗುತ್ತದೆ. ತಲೆ ದಪ್ಪಗಾಗಿ ಗಾಳದ ಕಣ್ಣು (ನೂಲು ಪೋಣಿಸುವ ತೂತು) ಮುಚ್ಚಿಹೋಗುತ್ತದೆ. ನೀರಿಗೆ ಬಿಟ್ಟರೆ ಗರಿಯೆಲ್ಲ ಮೈಗೆ ಅಂಟಿ ಫ್ಲೈ ಕಡ್ಡಿಯ ಹಾಗೆ ಕಾಣುತ್ತದೆ. ಬಲ್ಲವರು ಹೇಳಿ.

— ಮೊದಲ ಎರಡು ತೊಂದರೆಗೂ ಮೂಲ ಒಂದೇ ಇರಬೇಕು: ಮೈ ಮುಗಿಸಿದ ಮೇಲೆ ಗರಿಯನ್ನು ತುದಿಯಿಂದ ಕಟ್ಟುತ್ತಿದ್ದೀರಿ. ತುದಿಯಲ್ಲಿ ದಂಟು ಕೂದಲಿನಷ್ಟು ತೆಳು, ಬಿಗಿದರೆ ಅಲ್ಲೇ ಕಡಿಯುತ್ತದೆ. ಕ್ರಮವನ್ನೇ ತಿರುಗಿಸಿ. ಕಣ್ಣಿನ ಹಿಂದೆ ಒಂದು ಕಣ್ಣಿನಷ್ಟು ಜಾಗ ಖಾಲಿ ಬಿಟ್ಟು ರೇಷ್ಮೆ ದಾರ ಶುರು ಮಾಡಿ, ಹಿಂದಕ್ಕೆ ಐದಾರು ಸುತ್ತು ಹಾಕಿ. ಗರಿಯ ಬುಡದ ನಯವಾದ ತುಪ್ಪಳ ಕಿತ್ತುಹಾಕಿ, ತುದಿ ಕಣ್ಣಿನಾಚೆ ಚಾಚಿರುವಂತೆ ಬುಡವನ್ನು ಕಟ್ಟಿ. ಬುಡದ ಕಡ್ಡಿ ಮೈಯ ಅಡಿಗೆ ಹೋಗುವುದರಿಂದ ತಲೆಯಲ್ಲಿ ಗಂಟು ಸೇರುವುದಿಲ್ಲ. ದಾರವನ್ನು ಸುತ್ತಿಗೆ ಸುತ್ತು ತಾಗುವಂತೆ ಗಾಳದ ಮೊನೆಯ ನೇರದವರೆಗೆ ಒಯ್ದು ವಾಪಸ್ ತನ್ನಿ. ಅದೇ ಮೈ. ಅದಕ್ಕಿಂತ ಹಿಂದೆ ಎಳೆದರೆ ಈ ಫ್ಲೈಯ ಅಂದ ಕೆಡುತ್ತದೆ.

ಈಗ ಗರಿಯನ್ನು ಮೈಯ ಕಡೆಗೆ ಒಂದೂವರೆ ಸುತ್ತು, ಹೆಚ್ಚೆಂದರೆ ಎರಡು, ಸುತ್ತಿ. ತುದಿಯನ್ನು ದಾರದ ಎರಡು ಸುತ್ತಿನಲ್ಲಿ ಹಿಡಿಸಿ, ಆಮೇಲೆ ದಾರವನ್ನು ಎಡಕ್ಕೂ ಬಲಕ್ಕೂ ಆಡಿಸುತ್ತ ಗರಿಯ ಎಳೆಗಳ ನಡುವೆಯೇ ಮುಂದಕ್ಕೆ ತನ್ನಿ. ಹೀಗೆ ಅಡ್ಡಹಾಯುವ ದಾರ ದಂಟನ್ನು ಮೀನಿನ ಹಲ್ಲಿನಿಂದ ಕಾಯುತ್ತದೆ. ಕೊನೆಗೆ ನಾಲ್ಕು ಸುತ್ತಿನ ವಿಪ್ ಫಿನಿಶ್, ಅಂದರೆ ದಾರದ ತುದಿಯನ್ನು ಅದರದೇ ಸುತ್ತುಗಳ ಅಡಿಗೆ ಸಿಕ್ಕಿಸುವ ಗಂಟು. ಗರಿ ಸುತ್ತಿದಾಗ ಹೊಳೆಯುವ ಬದಿ ಕಣ್ಣಿನ ಕಡೆ, ಮಂಕು ಬದಿ ಮೈಯ ಕಡೆ ಇರಬೇಕು. ತಿರುಗುಮುರುಗಾದರೆ ಎಳೆಗಳು ಮುಂದಕ್ಕೆ ಬಾಗುತ್ತವೆ.

— ಗರಿ ಸುತ್ತುವ ಪ್ಲೈಯರ್‌ನಿಂದ (ಪುಟ್ಟ ಚಿಮಟದಿಂದ) ದಂಟಿನ ತುದಿಯೊಂದನ್ನೇ ಹಿಡಿಯಬೇಡಿ, ತುದಿಯ ಕೆಲವು ಎಳೆಗಳನ್ನೂ ಸೇರಿಸಿ ಹಿಡಿಯಿರಿ. ಲೋಹದ ಬಾಯಿ ಕತ್ತರಿಸುತ್ತಿದ್ದರೆ ಸಣ್ಣ ರಬ್ಬರ್ ಕೊಳವೆ ತೊಡಿಸಿ. ಹಳೆಯ ಹಕ್ಕಿ ಚರ್ಮದ ಗರಿ ಒಣಗಿ ಪೆಡಸಾಗಿದ್ದರೆ ಕುದಿಯುವ ಕೆಟಲ್‌ನ ಹಬೆಗೆ ಕೆಲವು ಸೆಕೆಂಡ್ ಹಿಡಿಯಿರಿ.

— ಮೈಗೆ ಅಂಟುವ ವಿಚಾರಕ್ಕೆ ಬರೋಣ. ಎಳೆಯ ಉದ್ದ ನೋಡಿ: ಹಿಂದಕ್ಕೆ ಮಲಗಿಸಿದರೆ ಗಾಳದ ಬಾಗಿನವರೆಗೆ ಮುಟ್ಟಿದರೆ ಸಾಕು. 14ಕ್ಕೆ ಬೆನ್ನಿನ ದೊಡ್ಡ ಗರಿ ಉದ್ದವಾಗುತ್ತದೆ, ಸಣ್ಣದನ್ನು ಆರಿಸಿ. ಇಲ್ಲದಿದ್ದರೆ ದಂಟಿನ ಒಂದು ಬದಿಯ ಎಳೆಗಳನ್ನು ಪೂರ್ತಿ ಕಿತ್ತು ಎರಡು ಸುತ್ತು ಹಾಕಿ, ಗರಿ ತೆಳ್ಳಗಾಗುತ್ತದೆ. ಗರಿ ಸುತ್ತುವ ಮುನ್ನ, ಅದು ಬರುವ ಜಾಗದ ಹಿಂದೆ ಮೊಲದ ಮುಖದ ತುಪ್ಪಳದ ಡಬಿಂಗ್ (ದಾರಕ್ಕೆ ಹೊಸೆದ ತುಪ್ಪಳ) ಎರಡೇ ಸುತ್ತು ಹಾಕಿ. ಆ ಪುಟ್ಟ ಗುಡ್ಡಕ್ಕೆ ಒರಗಿ ಎಳೆಗಳು ನಿಲ್ಲುತ್ತವೆ.

— ಡಬಿಂಗ್ ಗುಡ್ಡ ತಪ್ಪಲ್ಲ, ಆದರೆ ಯಾರ್ಕ್‌ಷೈರ್‌ನ ಹಳೆಯ ಮಾದರಿಗೆ ಬರೀ ರೇಷ್ಮೆಯೇ ಮೈ. ವೇಗದ ನೀರಿಗೆ ಗುಡ್ಡ ಹಾಕಿ. ನಿಧಾನದ ನೀರಿನಲ್ಲಿ ಅದು ಬೇಕಿಲ್ಲ, ಎಳೆ ಮಡಚಿ ಬಿಚ್ಚುವುದೇ ಈ ಫ್ಲೈಯ ಜೀವ.

— ಕೇಳಿದವರು: ದಾರ ನೆನೆದರೆ ಕಿತ್ತಳೆ ಹೋಗಿ ಕಂದಾಗುತ್ತಿದೆ. ಅದು ಸರಿಯೇ?

— ಸರಿಯೇ. ಪಿಯರ್ಸಾಲ್ ಗಾಸಮರ್‌ನಂಥ ನಿಜವಾದ ರೇಷ್ಮೆ ನೆನೆದರೆ ಪಾರದರ್ಶಕವಾಗುತ್ತದೆ, ಒಳಗಿನ ಕಪ್ಪು ಗಾಳದ ಛಾಯೆ ಹೊರಬರುತ್ತದೆ. ಚಮ್ಮಾರರ ಮೇಣ ಹಚ್ಚಿದರೆ ಇನ್ನೂ ಮಂಕು. ಬಣ್ಣ ಉಳಿಯಬೇಕಾದರೆ ಬಣ್ಣವಿಲ್ಲದ ಮೇಣವನ್ನು ತೆಳ್ಳಗೆ ಹಚ್ಚಿ. ದಾರದ ಉರುಳೆ ಹಿಡಿದಿರುವ ಬಾಬಿನ್ನನ್ನು ಅಪ್ರದಕ್ಷಿಣೆಯಾಗಿ ತಿರುಗಿಸಿ ಹುರಿ ಬಿಚ್ಚಿದರೆ ದಾರ ಚಪ್ಪಟೆಯಾಗಿ ಮಲಗುತ್ತದೆ.

— ಒಂದು ಎಚ್ಚರಿಕೆ. ನಿಘಂಟು ಪಾರ್ಟ್ರಿಜ್‌ಗೆ ಕೌಜುಗ ಎನ್ನುತ್ತದೆ. ಊರಿನ ಕೌಜುಗ ಬೇರೆ ಹಕ್ಕಿ, ಭಾರತದ 1972ರ ವನ್ಯಜೀವಿ ಕಾಯ್ದೆಯಡಿ ಅದರ ಬೇಟೆ ನಿಷಿದ್ಧ. ಊರಿನಿಂದ ಗರಿ ತರಿಸಬೇಡಿ, ಅಂಗಡಿಯ ಪಾರ್ಟ್ರಿಜ್ ಚರ್ಮವೇ ಸಾಕು. ಅದೂ ಸಿಗದಿದ್ದರೆ ಹೇಂಟೆಯ ಮೆದು ಗರಿ ನಡೆಯುತ್ತದೆ.

— ಹೊಳೆಗೆ ಹೋಗುವ ಮುನ್ನ ಗಾಜಿನ ಲೋಟದ ನೀರಿನಲ್ಲಿ ಫ್ಲೈ ಮುಳುಗಿಸಿ ಮೆಲ್ಲಗೆ ಎಳೆದು ಬಿಡಿ. ಎಳೆಗಳು ಮಡಚಿ ಮತ್ತೆ ಅರಳಿದರೆ ಸರಿ. ಅರಳದಿದ್ದರೆ ಗರಿ ಹೆಚ್ಚಾಗಿದೆ, ಬಿಚ್ಚಿ ಅರ್ಧ ಸುತ್ತು ಕಡಿಮೆ ಮಾಡಿ.