ಹನ್ನೆರಡು ತಿಂಗಳುಗಳ ಆಯ್ಕೆಗೆ ಚೆಕ್‌ಬಾಕ್ಸ್ ಒಳ್ಳೆಯದೋ, ‘ಇಂದ – ವರೆಗೆ’ ಒಳ್ಳೆಯದೋ?

ಪ್ರಶ್ನೆ (ಪೆರ್ಲದಿಂದ)

ಕಾಸರಗೋಡಿನ ನಮ್ಮ ಎಣ್ಮಕಜೆ ಕಡೆಯ ಸುರಂಗ (ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಗುಹೆ) ಮತ್ತು ಬಾವಿಗಳ ನೀರಿನ ವಿವರವನ್ನು ಬರೆದಿಡುವುದಕ್ಕಾಗಿ ಮೊಬೈಲಿನಲ್ಲಿ ತುಂಬುವ ಒಂದು ಫಾರಂ ಸಿದ್ಧಪಡಿಸುತ್ತಿದ್ದೇನೆ. “ಈ ನೀರನ್ನು ಯಾವ ಯಾವ ತಿಂಗಳು ತೋಟಕ್ಕೆ ಬಿಡುತ್ತೀರಿ?” ಎಂಬುದು ಅದರ ಮುಖ್ಯ ಪ್ರಶ್ನೆ. ಒಂದೇ ಮನೆಯಲ್ಲಿ ಎರಡು ಸುರಂಗ, ಒಂದು ಬಾವಿ, ಒಂದು ಕೊಳವೆಬಾವಿ ಇರುವುದುಂಟು. ಜಗಲಿಯಲ್ಲಿ ಕುಳಿತು ನಾಲ್ಕೂ ಮೂಲಗಳಿಗೆ ಬೇರೆ ಬೇರೆಯಾಗಿ ತುಂಬಬೇಕಾದ್ದರಿಂದ ಎಷ್ಟು ಸಲ ಒತ್ತಬೇಕೆಂಬುದು ಸಣ್ಣ ಸಂಗತಿಯಲ್ಲ.

ಹನ್ನೆರಡು ಚೆಕ್‌ಬಾಕ್ಸ್‌ಗಳನ್ನು (ಒತ್ತಿ ಗುರುತು ಹಾಕುವ ಚೌಕಗಳನ್ನು) ತಿಂಗಳಿಗೊಂದರಂತೆ ಇಟ್ಟರೆ 2ರ 12ನೇ ಘಾತ, ಅಂದರೆ 4096 ಬಗೆಯ ಆಯ್ಕೆಗಳನ್ನು ಹೇಳಬಹುದು. ಜನವರಿಯಿಂದ ಡಿಸೆಂಬರಿನವರೆಗೆ ಎರಡು ಗುಂಡಿಗಳನ್ನು ಸರಿಸುವ ಸ್ಲೈಡರ್ ಇಟ್ಟರೆ, ಯಾವ ತಿಂಗಳೂ ಇಲ್ಲ ಎಂಬ ಉತ್ತರವನ್ನು ಬಿಟ್ಟು, 78 ಬಗೆಗಳು ಮಾತ್ರ ಸಿಗುತ್ತವೆ. ಈ ಎಣಿಕೆಯನ್ನೇ ನಂಬಿ ಚೆಕ್‌ಬಾಕ್ಸ್ ಮೇಲೆಂದು ತೀರ್ಮಾನಿಸಬಹುದೇ? ನಮ್ಮಲ್ಲಿ ಹೆಚ್ಚಿನವರು ಅಡಿಕೆಗೆ ಡಿಸೆಂಬರಿನಿಂದ ಮೇ ತನಕ ನೀರು ಬಿಡುವುದರಿಂದ ಆ ಸ್ಲೈಡರ್ ಹೇಗೂ ಕೆಲಸಕ್ಕೆ ಬಾರದು. ಅದರ ಎಡಗುಂಡಿ ಬಲಗುಂಡಿಯನ್ನು ದಾಟಲಾರದು.

ಉತ್ತರ 1 (ಮಂಜೇಶ್ವರದಿಂದ)

4096 ಎಂಬ ಸಂಖ್ಯೆ ಸರಿಯೇ, ಆದರೆ ನಿಮ್ಮ ಜಗಲಿಯ ಪ್ರಶ್ನೆಗೆ ಅದು ಉತ್ತರವಲ್ಲ. ಒಂದು ಸಾಧನದಿಂದ ಏನೇನು ಹೇಳಬಹುದು ಎಂಬ ಎಣಿಕೆಯ ಜೊತೆಗೆ ಜನ ನಿಜವಾಗಿ ಹೇಳುವುದು ಯಾವುದನ್ನು, ಅದನ್ನು ಹೇಳಲು ಎಷ್ಟು ಸಲ ಒತ್ತಬೇಕು ಎಂಬುದನ್ನೂ ಎಣಿಸಬೇಕು.

ತಿಂಗಳುಗಳನ್ನು ಬಳೆಯಂತೆ ಸುತ್ತಲೂ ಜೋಡಿಸಿದ್ದೇವೆಂದು ಭಾವಿಸಿ. ಎಲ್ಲಿಂದಲಾದರೂ ಆರಂಭಿಸಿ ಎಡೆಬಿಡದೆ 1ರಿಂದ 11 ತಿಂಗಳು ಸಾಗುವ ಆಯ್ಕೆಗಳು 12 × 11 = 132, ಇಡೀ ವರ್ಷದ್ದು ಇನ್ನೊಂದು, ಒಟ್ಟು 133. ‘ಇಂದ’, ‘ವರೆಗೆ’ ಎಂಬ, ಒತ್ತಿದರೆ ತಿಂಗಳುಗಳ ಪಟ್ಟಿ ತೆರೆಯುವ ಎರಡು ಡ್ರಾಪ್‌ಡೌನ್‌ಗಳಲ್ಲಿ 144 ಜೋಡಿಗಳಿದ್ದರೂ ಸಿಗುವುದು ಈ 133 ಮಾತ್ರ, ಏಕೆಂದರೆ ಇಡೀ ವರ್ಷ ಎಂಬುದನ್ನು ಜನವರಿ–ಡಿಸೆಂಬರ್, ಫೆಬ್ರವರಿ–ಜನವರಿ ಎಂದು 12 ರೀತಿಯಲ್ಲಿ ಹೇಳಬಹುದು. ಈ 133ನ್ನು ಚೆಕ್‌ಬಾಕ್ಸ್‌ನಲ್ಲಿ ಹೇಳಲು ಸರಾಸರಿ ಆರು ಸಲಕ್ಕಿಂತ ತುಸು ಹೆಚ್ಚು ಒತ್ತಬೇಕು. ಮೊದಲ ಮತ್ತು ಕೊನೆಯ ತಿಂಗಳನ್ನು ಮುಟ್ಟಿದರೆ ನಡುವಿನದು ತಾನಾಗಿ ತುಂಬಿಕೊಳ್ಳುವಂತೆ ಮಾಡಿದರೆ ಯಾವಾಗಲೂ ಎರಡೇ ಸಲ ಸಾಕು.

ಚೆಕ್‌ಬಾಕ್ಸನ್ನೇ ಉಳಿಸಿಕೊಳ್ಳುವುದಾದರೆ ‘ಎಲ್ಲವೂ’ ಎಂಬ ಒಂದು ಗುಂಡಿಯನ್ನಾದರೂ ಸೇರಿಸಿ. ಬೇಡದ್ದನ್ನು ಅಳಿಸುವ ದಾರಿ ಅದರಿಂದ ತೆರೆಯುತ್ತದೆ. ಅತಿ ಕಷ್ಟದ ಆಯ್ಕೆಗೂ 12 ಸಲದ ಬದಲು 6 ಸಲ ಒತ್ತಿದರೆ ಸಾಕು. 4096ಕ್ಕೂ ಸಮಾನ ಸಾಧ್ಯತೆಯೆಂದು ಹಿಡಿದರೆ ಸರಾಸರಿ 6ರಿಂದ 5.03ಕ್ಕೆ ಇಳಿಯುತ್ತದೆ. ಎಡೆಬಿಡದ ಆ 133 ಆಯ್ಕೆಗಳಲ್ಲಂತೂ ಸರಾಸರಿ 3.7ಕ್ಕೆ ಬರುತ್ತದೆ. ಒಂದು ಗುಂಡಿಯಿಂದ ಇಷ್ಟು ಲಾಭವಾಗುತ್ತದೆಂದು ಕೂತು ಲೆಕ್ಕ ಹಾಕುವ ತನಕ ನನಗೂ ತೋರಿರಲಿಲ್ಲ.

ಉತ್ತರ 2 (ಕುಂಬಳೆಯಿಂದ)

ನಡುವೆ ಬಿಡುವು ಕೊಡುವವರನ್ನು ಮರೆಯಬಾರದು. ನಮ್ಮ ತೋಟದಲ್ಲಿ ಸೆಪ್ಟೆಂಬರಿನಲ್ಲಿ ಬಿಸಿಲು ಕಾದರೆ ಎಳೆಯ ಸಸಿಗಳಿಗೆ ನೀರು ಬಿಟ್ಟು, ಹಿಂಗಾರು ಹಿಡಿದ ಮೇಲೆ ನಿಲ್ಲಿಸಿ, ಡಿಸೆಂಬರಿನಿಂದ ಮತ್ತೆ ಆರಂಭಿಸುತ್ತೇವೆ. ಹೀಗೆ ಬಳೆಯಲ್ಲಿ ಎರಡು ತುಂಡುಗಳಾಗುವ ಆಯ್ಕೆಗಳು 990 ಇವೆ. ತಿಂಗಳು ತಿಂಗಳುಗಳ ನಡುವಿನ ಹನ್ನೆರಡು ಸಂದುಗಳಲ್ಲಿ ನಾಲ್ಕನ್ನು ಆರಿಸುವ ಬಗೆಗಳು 495; ಪ್ರತಿಯೊಂದರಲ್ಲೂ ಒಳಗು–ಹೊರಗನ್ನು ಅದಲುಬದಲು ಮಾಡಬಹುದಾದ್ದರಿಂದ ಅದರ ಇಮ್ಮಡಿ. ನಮ್ಮ ಉತ್ತರಕ್ಕೆ ಚೆಕ್‌ಬಾಕ್ಸ್‌ನಲ್ಲಿ 7 ಸಲ, ಮೊದಲು–ಕೊನೆ ಮುಟ್ಟುವ ಕ್ರಮದಲ್ಲಿ 4 ಸಲ ಒತ್ತಬೇಕು. ಎರಡನೆಯ ತುಂಡಿಗೆ ಅವಕಾಶವೇ ಇಲ್ಲದಿದ್ದರೆ ಮಾತ್ರ ನಾವು ಸುಳ್ಳು ಬರೆಸಬೇಕಾಗುತ್ತದೆ.

ಭಾಷೆಯ ತೊಡಕೂ ಒಂದಿದೆ. “ಮೇ ವರೆಗೆ” ಎಂದಾಗ ಮೇ ಸೇರಿತೋ ಇಲ್ಲವೋ ಎಂಬುದನ್ನು ಒಬ್ಬೊಬ್ಬರು ಒಂದೊಂದು ರೀತಿ ತಿಳಿಯುತ್ತಾರೆ. ನಮ್ಮ ಹಿರಿಯರಂತೂ ತುಳುವಿನಲ್ಲಿ ಪೆರಾರ್ದೆಯಿಂದ (ಡಿಸೆಂಬರ್–ಜನವರಿ) ಬೇಶದ (ಮೇ–ಜೂನ್) ತನಕ ಎನ್ನುತ್ತಾರೆ. ಆ ತಿಂಗಳುಗಳು ಇಂಗ್ಲಿಷ್ ತಿಂಗಳಿನ ನಡುವೆ ಹುಟ್ಟುತ್ತವೆ. ಚೆಕ್‌ಬಾಕ್ಸ್‌ನಲ್ಲಿ ಆರಿಸಿದ್ದು ಕಣ್ಣೆದುರಿಗೇ ಇರುತ್ತದೆ, ಡ್ರಾಪ್‌ಡೌನ್‌ನಲ್ಲಿ ಅದು ಮನಸ್ಸಿನಲ್ಲೇ ಉಳಿಯುತ್ತದೆ.

ಉತ್ತರ 3 (ಬದಿಯಡ್ಕದಿಂದ)

ಎಲ್ಲ ಒತ್ತುವಿಕೆಗಳೂ ಒಂದೇ ತೂಕದವಲ್ಲ. ಗುರಿ ದೊಡ್ಡದಾದಷ್ಟೂ ಹತ್ತಿರವಾದಷ್ಟೂ ಅದನ್ನು ಬೇಗ ಮುಟ್ಟಬಹುದೆಂಬ ನಿಯಮವನ್ನು ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ 1954ರಲ್ಲೇ ಸೂತ್ರವಾಗಿ ಕೊಟ್ಟರು. ಕಾರ್ಡ್, ಮೊರಾನ್, ನ್ಯೂವೆಲ್ ಅವರು 1980ರಲ್ಲಿ ಪ್ರಕಟಿಸಿದ, ಕಂಪ್ಯೂಟರಿನಲ್ಲಿ ಒಂದು ಕೆಲಸಕ್ಕೆ ಎಷ್ಟು ಹೊತ್ತು ಬೇಕೆಂದು ಅಂದಾಜಿಸುವ ಲೆಕ್ಕದ ಕ್ರಮದಲ್ಲಿ ಮೌಸಿನಿಂದ ಒಂದು ಗುರಿಯನ್ನು ತೋರಿಸಲು 1.1 ಸೆಕೆಂಡ್, ಮನಸ್ಸಿನ ಸಿದ್ಧತೆಗೆ 1.35 ಸೆಕೆಂಡ್ ಇದೆ. ಬೆರಳಿಗೆ ಅವೇ ಅಂಕೆಗಳು ಹೊಂದುವುದಿಲ್ಲ, ಆದರೂ ಯೋಚನೆಗೂ ಬೆಲೆಯಿದೆ ಎಂಬ ತತ್ವ ಹೊಂದುತ್ತದೆ. ಅಕ್ಕಪಕ್ಕದ ಆರು ಚೌಕಗಳನ್ನು ಸಾಲಾಗಿ ಒತ್ತುವವನು ಒಂದೇ ಸಲ ಯೋಚಿಸಿರುತ್ತಾನೆ. ಡ್ರಾಪ್‌ಡೌನ್ ತೆರೆದು, ಪಟ್ಟಿಯನ್ನು ಸರಿಸಿ, ಡಿಸೆಂಬರನ್ನು ಹುಡುಕುವವನು ಎರಡು ಸಲ ನಿಂತು ನೋಡಬೇಕಾಗುತ್ತದೆ. ಆದ್ದರಿಂದ 6 ಮತ್ತು 2 ಎಂಬ ಅಂಕೆಗಳ ಅಂತರ ಸಮಯದಲ್ಲಿ ಅಷ್ಟೇ ದೊಡ್ಡದಾಗಿ ಉಳಿಯುವುದಿಲ್ಲ.

ನನ್ನ ಸಲಹೆ ಬೇರೆ. ಬಳೆಯನ್ನು ಎಲ್ಲಿ ಕತ್ತರಿಸಬೇಕೆಂಬುದು ನಿಮ್ಮ ಕೈಯಲ್ಲಿದೆ. ಜನವರಿಯಲ್ಲೇ ಕತ್ತರಿಸಬೇಕೆಂದು ಯಾರೂ ಹೇಳಿಲ್ಲ. ಜೂನ್‌ನಿಂದ ಆರಂಭಿಸಿ, ಆರಾರು ಚೌಕಗಳ ಎರಡು ಸಾಲು ಮಾಡಿ. ಮೇಲಿನ ಸಾಲು ಜೂನ್‌ನಿಂದ ನವೆಂಬರ್, ಕೆಳಗಿನದು ಡಿಸೆಂಬರಿನಿಂದ ಮೇ. ಹೀಗೆ ಕತ್ತರಿಸಿ ನೇರ ಸ್ಲೈಡರನ್ನೇ ಇಟ್ಟರೂ 133ರಲ್ಲಿ ಕಳೆದುಹೋಗುವುದು ಮೇ–ಜೂನ್ ಸಂದನ್ನು ದಾಟುವ 55 ಆಯ್ಕೆಗಳು ಮಾತ್ರ, ಮತ್ತು ಜೂನ್‌ನ ಜಡಿಮಳೆಯಲ್ಲಿ ಅಡಿಕೆಗೆ ನೀರು ಬಿಡುವವರನ್ನು ನಾನಂತೂ ಕಂಡಿಲ್ಲ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಜೂನ್‌ನಿಂದ ಆರಂಭವಾಗುವ ಎರಡು ಸಾಲುಗಳನ್ನು ಇಂದೇ ಮಾಡಿ ನೋಡಿದೆ; ನಮ್ಮ ಮನೆಯ ಉತ್ತರ ಕೆಳಗಿನ ಸಾಲಿನಲ್ಲಿ ಪೂರ್ತಿಯಾಗಿ ಕುಳಿತುಕೊಂಡಿತು. ಸಾಲಿನ ತುದಿಯಲ್ಲಿ ‘ಈ ಸಾಲು ಪೂರ್ತಿ’ ಎಂಬ ಗುಂಡಿಯನ್ನು ಇಟ್ಟದ್ದರಿಂದ ಹೆಚ್ಚಿನವರಿಗೆ ಒಂದೇ ಸಲ ಒತ್ತಿದರೆ ಸಾಕು. ಕುಂಬಳೆಯವರ ಉತ್ತರಕ್ಕೆ ಸೆಪ್ಟೆಂಬರನ್ನು ಸೇರಿಸಿ ಎರಡು ಸಲ. ಚೌಕಗಳು ಒಂದೊಂದಾಗಿಯೂ ತೆರೆದಿರುವುದರಿಂದ 4096ರಲ್ಲಿ ಯಾವುದನ್ನೂ ಕಳೆದುಕೊಂಡಿಲ್ಲ. ‘ವರೆಗೆ’ ಎಂಬ ಪದವನ್ನು ತೆಗೆದುಹಾಕಿ, ತುಂಬಿದ ಚೌಕಗಳ ಕೆಳಗೆ “ಒಟ್ಟು ಆರು ತಿಂಗಳು” ಎಂದು ಮೂಡುವಂತೆ ಮಾಡಿದ್ದೇನೆ. ತುಳು ತಿಂಗಳುಗಳ ಹೆಸರನ್ನು ಎರಡು ಚೌಕಗಳ ನಡುವಿನ ಗೆರೆಯ ಮೇಲೆ ಸಣ್ಣದಾಗಿ ಬರೆಯುವ ಕೆಲಸ ಬಾಕಿಯಿದೆ.