ಬ್ಯಾಕಪ್ ಶುರುವಾದೊಡನೆ ಐಪಿ ಫೋನಿನ ಧ್ವನಿ ತುಂಡಾಗುತ್ತದೆ: ಪ್ಲಾನ್ ಹೆಚ್ಚಿಸಬೇಕೇ?

ಪ್ರಶ್ನೆ:
ನಮಸ್ಕಾರ. ಹುಬ್ಬಳ್ಳಿಯ ನಮ್ಮ ಸಣ್ಣ ಕಚೇರಿಯಲ್ಲಿ ಆರು ಐಪಿ ಫೋನ್‌ಗಳು ಒಂದೇ ಫೈಬರ್ ಸಂಪರ್ಕದಲ್ಲಿವೆ. ಡೌನ್‌ಲೋಡ್ 100, ಅಪ್‌ಲೋಡ್ 10 ಎಂಬಿಪಿಎಸ್. ಸಂಜೆ ಐದಕ್ಕೆ ದಿನದ ಲೆಕ್ಕಪತ್ರಗಳ ಬ್ಯಾಕಪ್ ಕ್ಲೌಡ್‌ಗೆ ಹೋಗತೊಡಗಿದೊಡನೆ ನಮ್ಮ ಮಾತು ಆ ಕಡೆಯವರಿಗೆ ತುಂಡುತುಂಡಾಗಿ ಕೇಳಿಸುತ್ತದೆ, ಅವರ ಮಾತು ಮಾತ್ರ ನಮಗೆ ಸ್ಪಷ್ಟವಾಗಿಯೇ ಇರುತ್ತದೆ. ಸಂಪರ್ಕ ಕೊಟ್ಟವರು ದೊಡ್ಡ ಪ್ಲಾನ್ ತೆಗೆದುಕೊಳ್ಳಿ ಎನ್ನುತ್ತಾರೆ. ಅದರಿಂದ ಸರಿಹೋದೀತೇ?

ಉತ್ತರ 1:
ಹಣ ಕಟ್ಟುವ ಮುನ್ನ ಒಂದು ಲೆಕ್ಕ ಹಾಕಿ ನೋಡಿ. ಜಿ.711 ಕೋಡೆಕ್ (ಧ್ವನಿಯನ್ನು ಅಂಕೆಗಳಾಗಿಸುವ ವಿಧಾನ) ಬಳಸುವ ಫೋನು ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೊಂದರಂತೆ ಸೆಕೆಂಡಿಗೆ 50 ಪ್ಯಾಕೆಟ್ (ದತ್ತಾಂಶದ ಸಣ್ಣ ಕಟ್ಟು) ಕಳಿಸುತ್ತದೆ. ಒಂದೊಂದರಲ್ಲೂ 160 ಬೈಟ್ ಧ್ವನಿ, 40 ಬೈಟ್ ಹೆಡರ್ (ವಿಳಾಸ ಮುಂತಾದ ಮಾಹಿತಿ), ಅಂದರೆ ಕರೆಯೊಂದಕ್ಕೆ ಒಂದು ದಿಕ್ಕಿನಲ್ಲಿ 80 ಕೆಬಿಪಿಎಸ್. ಆರು ಜನ ಒಟ್ಟಿಗೆ ಮಾತನಾಡಿದರೂ ಅರ್ಧ ಎಂಬಿಪಿಎಸ್ ಆಗುವುದಿಲ್ಲ. ಆದ್ದರಿಂದ ನಿಮ್ಮ ತೊಂದರೆ ವೇಗದ್ದಲ್ಲ, ಸರತಿ ಸಾಲಿನದು. ಬ್ಯಾಕಪ್ಪಿನ ದತ್ತಾಂಶ ಸಾಗಿಸುವ ನಿಯಮಾವಳಿಯಾದ ಟಿಸಿಪಿ ಸಾಮಾನ್ಯವಾಗಿ ಪ್ಯಾಕೆಟ್ ಕಳೆದುಹೋಗುವವರೆಗೂ ವೇಗ ಏರಿಸುತ್ತಲೇ ಇರುತ್ತದೆ. ಮೋಡೆಮ್ಮಿನ ಬಫರ್ (ಪ್ಯಾಕೆಟ್ ಸರತಿ ಕಾಯುವ ಜಾಗ) ದೊಡ್ಡದಾಗಿದ್ದರೆ ಏನೂ ಕಳೆಯದೆ ಎಲ್ಲವೂ ಅಲ್ಲೇ ರಾಶಿ ಬೀಳುತ್ತದೆ. 1 ಎಂಬಿ ರಾಶಿ 10 ಎಂಬಿಪಿಎಸ್ ದಾರಿಯಲ್ಲಿ ಕರಗಲು 0.8 ಸೆಕೆಂಡ್ ಬೇಕು, ಆದರೆ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಐಟಿಯುವಿನ ಜಿ.114 ಶಿಫಾರಸಿನ ಪ್ರಕಾರ ಮಾತಿನ ವಿಳಂಬ ಒಂದು ದಿಕ್ಕಿಗೆ 150 ಮಿಲಿಸೆಕೆಂಡಿನೊಳಗೆ ಇದ್ದರೆ ಒಳ್ಳೆಯದು. ವಿಳಂಬ ಏರಿಳಿದಾಗ, ತಡವಾಗಿ ಬಂದ ಪ್ಯಾಕೆಟ್ಟನ್ನು ಆ ಕಡೆಯ ಫೋನು ಎಸೆದುಬಿಡುತ್ತದೆ. ಅವರಿಗೆ ಕೇಳುವ ತುಂಡು ಅದೇ.

ನಿಮ್ಮ ರೌಟರಿನಲ್ಲಿ ಓಪನ್‌ಡಬ್ಲ್ಯುಆರ್‌ಟಿ (ರೌಟರಿಗೆ ಹಾಕುವ ಮುಕ್ತ ತಂತ್ರಾಂಶ) ಹಾಕಲು ಸಾಧ್ಯವಿದ್ದರೆ, ಸರತಿ ಸಾಲನ್ನು ನಿಭಾಯಿಸುವ ಎಸ್‌ಕ್ಯೂಎಂ ಸ್ಥಾಪಿಸಿ, ಅದರಲ್ಲಿ ಕೇಕ್ ಎಂಬ ವಿಧಾನ ಆಯ್ದು, ಅಪ್‌ಲೋಡ್ ಮಿತಿಯನ್ನು 9 ಎಂಬಿಪಿಎಸ್‌ಗೆ ಇಡಿ. ಸ್ವಲ್ಪ ವೇಗ ಬಿಟ್ಟುಕೊಟ್ಟರೆ ಸಾಲು ಮೋಡೆಮ್ಮಿನಲ್ಲಿ ಬೆಳೆಯದೆ ನಿಮ್ಮ ಹಿಡಿತದಲ್ಲಿ ಉಳಿಯುತ್ತದೆ.

ಉತ್ತರ 2:
ಮೇಲಿನ ಮಾತು ಸರಿ. ಜೊತೆಗೆ, ಧ್ವನಿಯ ಪ್ಯಾಕೆಟ್‌ಗಳಿಗೆ ಡಿಎಸ್‌ಸಿಪಿ 46ರ ಗುರುತು (ಇದನ್ನು ಮೊದಲು ಕಳಿಸಿ ಎಂಬ ಸೂಚನೆ) ಹಾಕಬಹುದು. ಆದರೆ ಕಚೇರಿಯ ಹೊರಗೆ ಆ ಗುರುತಿಗೆ ಮರ್ಯಾದೆ ಸಿಗುತ್ತದೆಂದು ನಂಬಿ ಕೂರಬೇಡಿ. ಬ್ಯಾಕಪ್ಪಿಗೂ ಅದೇ ಗುರುತು ಹಾಕಿದ ಮಹನೀಯರನ್ನು ನಾನು ನೋಡಿದ್ದೇನೆ! ವೈಫೈ ಮೂಲಕ ಮಾತನಾಡುವವರಿದ್ದರೆ ಇನ್ನೊಂದು ತೊಡಕಿದೆ: ಅನೇಕ ಆಕ್ಸೆಸ್ ಪಾಯಿಂಟ್‌ಗಳು (ವೈಫೈ ಕೊಡುವ ಪೆಟ್ಟಿಗೆಗಳು) ಆ ಗುರುತಿನ ಮೊದಲ ಮೂರು ಬಿಟ್‌ಗಳನ್ನಷ್ಟೇ ಓದುವುದರಿಂದ 46 ಎಂಬುದು 5 ಆಗಿ, ಧ್ವನಿಯ ಬದಲು ವಿಡಿಯೊ ವರ್ಗಕ್ಕೆ ಸೇರಿಬಿಡುತ್ತದೆ. ಅದನ್ನು ಧ್ವನಿ ವರ್ಗದ 6ಕ್ಕೆ ಹೊಂದಿಸಬೇಕೆಂದು 2018ರ ಆರ್‌ಎಫ್‌ಸಿ 8325 ಎಂಬ ಇಂಟರ್ನೆಟ್ ಮಾನದಂಡದ ದಾಖಲೆ ಹೇಳುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದ. ಬ್ಯಾಕಪ್ ನಡೆಯುವಾಗ ಪಿಂಗ್ (ಪ್ಯಾಕೆಟ್ ಹೋಗಿಬರುವ ಸಮಯ) ನೋಡಿದರೆ 700 ಮಿಲಿಸೆಕೆಂಡ್ ದಾಟುತ್ತಿತ್ತು. ಮಿತಿ ಹಾಕಿದ ಮೇಲೂ ಮೊದಲ ದಿನ ಒಂದಿಷ್ಟೂ ಇಳಿಯಲಿಲ್ಲ. ರೌಟರಿನ ಹಾರ್ಡ್‌ವೇರ್ ಆಫ್‌ಲೋಡ್ (ತಂತ್ರಾಂಶವನ್ನು ಬಳಸದೆ ಚಿಪ್ಪೇ ಪ್ಯಾಕೆಟ್ ದಾಟಿಸುವ ವ್ಯವಸ್ಥೆ) ಚಾಲೂ ಇದ್ದುದರಿಂದ ಪ್ಯಾಕೆಟ್‌ಗಳು ಕೇಕನ್ನು ದಾಟಿಕೊಂಡೇ ಹೋಗುತ್ತಿದ್ದವು. ಅದನ್ನು ನಿಲ್ಲಿಸಿದ ಮೇಲೆ 30ರ ಆಸುಪಾಸಿನಲ್ಲಿದೆ. ಬ್ಯಾಕಪ್ ನಾಲ್ಕೈದು ನಿಮಿಷ ತಡವಾಗುತ್ತದೆ, ಹಳೆಯ ಪ್ಲಾನನ್ನೇ ಉಳಿಸಿಕೊಂಡಿದ್ದೇವೆ.